ಜೂನ್‌ನಲ್ಲಿ ಅವಳು ಎಲ್ಲಿರುತ್ತಾಳೆ?

ಏಪ್ರಿಲ್ ಬಂತೆಂದರೆ ಈ ಅಂಕಣಕ್ಕೆ ಬರುವ ಕಾಗದಗಳ ದನಿಯೇ ಬೇರೆಯಾಗುತ್ತದೆ. ಪರೀಕ್ಷೆ ಮುಗಿದಿರುತ್ತದೆ, ಫಲಿತಾಂಶ ಬಂದಿರುವುದಿಲ್ಲ, ಮನೆಯಲ್ಲಿ ಎಲ್ಲರಿಗೂ ಒಂದೊಂದು ಚಿಂತೆ. ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಬಾಲಿಕಾ ಪ್ರೌಢಶಾಲೆಗಳ ಸುತ್ತಮುತ್ತಲಿನವು: ಟೀಚರ್ ಬರೆದದ್ದು, ತಾಯಿ ಬರೆದದ್ದು, ಮಕ್ಕಳೇ ಬರೆದದ್ದು. ದಾವಣಗೆರೆಯ ಒಂದು ಬಾಲಿಕಾ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು, ಅಲ್ಲೇ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು ನಾನು. ಆದ್ದರಿಂದ ಈ ತಿಂಗಳು ಬೇರೆ ವಿಷಯದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವಕ್ಕಷ್ಟೇ ಉತ್ತರ ಬರೆದಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ.

ಬಾಲಿಕಾ ಪ್ರೌಢಶಾಲೆಗೆ ಸೇರಿ ಇದು ನನ್ನ ಮೊದಲ ಪೂರ್ತಿ ವರ್ಷ. ಹತ್ತನೇ ತರಗತಿಯ ಕ್ಲಾಸ್ ಟೀಚರ್ ಆಗಿದ್ದೆ. ವರ್ಷದ ವರದಿ ಬರೆದುಕೊಡಿ ಎಂದಿದ್ದಾರೆ. ಶೇಕಡಾ ಎಷ್ಟು ನಿರೀಕ್ಷೆ ಎಂದು ತುಂಬಿದರೆ ವರದಿ ಮುಗಿಯುತ್ತದೆ, ಆದರೆ ನನಗೆ ವರ್ಷ ಮುಗಿದಂತೆಯೇ ಅನಿಸುತ್ತಿಲ್ಲ. ಕಳೆದ ವರ್ಷವನ್ನು ಹೇಗೆ ನೋಡಬೇಕು, ಮೇಡಂ?
(ಶಿಕ್ಷಕಿ, ಹಿರಿಯೂರು ತಾಲ್ಲೂಕು)

ನಿಮಗೆ ಅನಿಸಿದ್ದು ಸರಿ. ವರ್ಷ ಮುಗಿದಿಲ್ಲ. ಹತ್ತನೇ ತರಗತಿಯ ಹುಡುಗಿಯ ಶಾಲಾ ವರ್ಷ ಕೊನೆಯ ಪೇಪರ್ ದಿನ ಮುಗಿಯುವುದಿಲ್ಲ. ಅವಳು ಪಿಯುಗೋ ಡಿಪ್ಲೊಮಾಗೋ ಐಟಿಐಗೋ ಸೇರಿ, ಫೀ ಕಟ್ಟಿದ ರಸೀದಿ ಕೈಗೆ ಬಂದ ದಿನ ಮುಗಿಯುತ್ತದೆ. ಪೇಪರ್‌ಗೂ ರಸೀದಿಗೂ ನಡುವೆ ಎರಡು ತಿಂಗಳು ಬಿಸಿಲಿದೆ. ನಮ್ಮ ಹುಡುಗಿಯರು ಕಳೆದುಹೋಗುವುದು ಆ ಎರಡು ತಿಂಗಳಲ್ಲಿ, ಗಣಿತದ ಪೇಪರಿನಲ್ಲಲ್ಲ.

ಶೇಕಡಾವಾರು ಬೇಡವೆಂದು ನಾನು ಹೇಳುತ್ತಿಲ್ಲ. ನಿಮ್ಮ ಜಿಲ್ಲೆಯವರಿಗೆ ಅದರ ಸಂತೋಷವೂ ಗೊತ್ತು. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಇಡೀ ರಾಜ್ಯಕ್ಕೆ ಮೊದಲು ಬಂದಾಗ ಇಲ್ಲಿ ದಾವಣಗೆರೆಯಲ್ಲಿ ನಾವೂ ಹಿಗ್ಗಿದ್ದೆವು, 1997ರವರೆಗೆ ಒಂದೇ ಜಿಲ್ಲೆಯಾಗಿದ್ದವರಲ್ಲವೇ ನಾವು! ಮರುವರ್ಷ ಆ ಸ್ಥಾನ ಉಳಿಯಲಿಲ್ಲ. ಸ್ಥಾನ ಏರುತ್ತದೆ, ಇಳಿಯುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಆದರೆ ಆ ವರ್ಷ ಪಾಸಾದ ಹುಡುಗಿಯರಲ್ಲಿ ಜೂನ್‌ನಲ್ಲಿ ಯಾರ್‍ಯಾರು ಕಾಲೇಜಿನ ಬೆಂಚಿನ ಮೇಲೆ ಕೂತಿದ್ದರು ಎಂದು ಯಾವ ಪತ್ರಿಕೆಯೂ ಬರೆಯಲಿಲ್ಲ. ಅದನ್ನು ಬರೆದಿಡಬೇಕಾದವರು ನೀವು, ಕ್ಲಾಸ್ ಟೀಚರ್.

ಮೊದಲು ಹಾಜರಿ ಪುಸ್ತಕ ತೆಗೆದು ಕೂತುಕೊಳ್ಳಿ. ಅಂಕಪಟ್ಟಿಗಿಂತ ಅದು ಹೆಚ್ಚು ಮಾತಾಡುತ್ತದೆ. ಜೂನ್‌ನಿಂದ ಒಬ್ಬೊಬ್ಬಳ ಸಾಲನ್ನೂ ಬೆರಳಿಟ್ಟು ಓದುತ್ತ ಹೋಗಿ. ನಿಮ್ಮ ಕಡೆ ಶೇಂಗಾ ಕೀಳುವ ಕಾಲಕ್ಕೆ ಯಾರು ಸಾಲಾಗಿ ಬಂದಿಲ್ಲ? ನಾಯಕನಹಟ್ಟಿ ಜಾತ್ರೆಗೆ ಇಡೀ ತರಗತಿಯೇ ಖಾಲಿಯಾಗುತ್ತದೆ, ಅದನ್ನು ಬಿಡಿ. ಆದರೆ ಜಾತ್ರೆ ಮುಗಿದ ಮೇಲೂ ವಾರಗಟ್ಟಲೆ ಬಾರದವಳು ಯಾರು? ಸೋಮವಾರ ಸೋಮವಾರ ತಪ್ಪಿಸುವವಳು ಯಾರು, ಅವಳ ಊರಲ್ಲಿ ಭಾನುವಾರ ಯಾವ ಕೆಲಸ ಇರುತ್ತದೆ? ಪ್ರತಿ ತಿಂಗಳೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಎರಡು ಮೂರು ದಿನ ಕಾಣದವರು ಎಷ್ಟು ಜನ? ನಮ್ಮ ಶಾಲೆಯಲ್ಲಿ ಶೌಚಾಲಯಕ್ಕೆ ನಲ್ಲಿ ಇತ್ತು, ಆದರೆ ಬೆಳಗಿನ ಎರಡನೇ ಪಿರಿಯಡ್ಡಿನ ಹೊತ್ತಿಗೆ ನೀರು ನಿಂತುಹೋಗುತ್ತಿತ್ತು. ಮೇಲೊಂದು ಟ್ಯಾಂಕ್ ಕೂರಿಸಿದ ಮೇಲೆ ಹಾಜರಿ ಪುಸ್ತಕದ ಆ ಖಾಲಿ ಜಾಗಗಳು ತುಂಬುತ್ತ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಜ್ಞಾನದಲ್ಲಿ ಹಿಂದೆ ಎಂದು ನಾವು ಬೈಯುತ್ತಿದ್ದ ಕೆಲವು ಹುಡುಗಿಯರು ಹಿಂದುಳಿದದ್ದು ನೀರಿಲ್ಲದ್ದಕ್ಕೆ. ನಿಮ್ಮ ವರದಿಯಲ್ಲಿ ಇಂಥ ಒಂದು ಸಾಲು ಇದ್ದರೆ ಮುಂದಿನ ವರ್ಷದ ಮಕ್ಕಳಿಗೆ ಅದರಿಂದ ಉಪಯೋಗ ಇದೆ.

ಆಮೇಲೆ ಒಂದು ದಪ್ಪ ನೋಟ್‌ಬುಕ್ ತಗೊಳ್ಳಿ. ಒಬ್ಬಳಿಗೆ ಒಂದು ಪುಟ. ಸ್ಟಾಫ್ ರೂಮಿನಲ್ಲಿ ಅದನ್ನು ನಾವು ಜೂನ್ ಪುಸ್ತಕ ಎನ್ನುತ್ತಿದ್ದೆವು. ಹುಡುಗಿಯ ಹೆಸರು, ಊರು, ತಾಯಿಯ ಫೋನ್ ನಂಬರು. ಪಕ್ಕದ ಮನೆಯವರದೋ ಅಂಗಡಿಯವರದೋ ಇನ್ನೊಂದು ನಂಬರು ಖಂಡಿತ ಇರಲಿ, ಏಕೆಂದರೆ ಬೇಸಿಗೆಯಲ್ಲಿ ರೀಚಾರ್ಜ್ ಮುಗಿದ ಫೋನು ಹಾಗೇ ಬಿದ್ದಿರುತ್ತದೆ. ಅವಳಿಗೆ ಮುಂದೆ ಏನು ಓದಬೇಕೆಂದಿದೆ, ಮನೆಯವರಿಗೆ ಏನು ಮನಸ್ಸಿದೆ, ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಎರಡು ಸಾಲೂ ಒಂದೇ ಇದ್ದರೆ ಆ ಪುಟದ ಬಗ್ಗೆ ಚಿಂತೆಯಿಲ್ಲ. ಬೇರೆ ಇದ್ದರೆ ಮೂಲೆಯಲ್ಲಿ ಗುರುತು ಹಾಕಿ, ಮೇ ತಿಂಗಳಲ್ಲಿ ಆ ಮನೆಗೆ ಹೋಗಿ ಬನ್ನಿ. ಕಾಲೇಜು ಯಾವ ಊರಲ್ಲಿದೆ, ಬಸ್ಸು ಯಾವುದು ಎಂಬುದೂ ಅದೇ ಪುಟದಲ್ಲಿರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ನಮ್ಮ ಎರಡೂ ಜಿಲ್ಲೆಗಳ ಎಷ್ಟೋ ಹಳ್ಳಿಗಳಿಗೆ ಹೋಗುವುದು ಪ್ರೈವೇಟ್ ಬಸ್ಸೇ, ಅಲ್ಲಿ ದಿನಾ ಹೋಗಿಬರುವ ಚಾರ್ಜು ಕೊಡಲೇಬೇಕು. ಎಷ್ಟೋ ಮನೆಗಳಲ್ಲಿ ‘ಇನ್ನು ಓದಿದ್ದು ಸಾಕು’ ಎನ್ನುವ ಮಾತಿನ ಒಳಗೆ ಇರುವುದು ಈ ಬಸ್ ಚಾರ್ಜು. ಅದು ಮೊದಲೇ ಗೊತ್ತಾದರೆ ಹಾಸ್ಟೆಲ್ ಅರ್ಜಿ ಹಾಕಿಸಲು ಟೈಮ್ ಇರುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಈಗಲೇ ನಾಡಕಚೇರಿಯಲ್ಲಿ ಮಾಡಿಸಿಕೊಳ್ಳಲು ಹೇಳಿ, ಜೂನ್‌ನಲ್ಲಿ ಅಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಆಧಾರ್‌ನಲ್ಲಿ ಇರುವ ಹೆಸರೂ ಶಾಲೆಯ ದಾಖಲೆಯಲ್ಲಿ ಇರುವ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ನೋಡಿ. ಇನಿಶಿಯಲ್ ಹಿಂದೆ ಮುಂದೆ ಆಗಿದ್ದಕ್ಕೆ ಸ್ಕಾಲರ್‌ಶಿಪ್ ನಿಂತುಹೋದ ಮಕ್ಕಳಿದ್ದಾರೆ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಪಾಸಾದವರು ನಿಮ್ಮಲ್ಲಿದ್ದರೆ ಅವರ ಮನೆಗೆ ಇದನ್ನು ಬಿಡಿಸಿ ಹೇಳಿ: ವರ್ಷಕ್ಕೆ 12,000 ರೂಪಾಯಿಯ ಆ ವಿದ್ಯಾರ್ಥಿವೇತನ ಪಿಯು ಎರಡನೇ ವರ್ಷದವರೆಗೂ ಇದೆ, ಓದು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಕೆಲವು ತಂದೆಯರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಆಗಲಿ, ಯಾವ ದಾರಿಯಿಂದಾದರೂ ಹುಡುಗಿ ಕಾಲೇಜು ಮುಟ್ಟಿದರೆ ಸಾಕು.

ಇನ್ನು ನಿಮ್ಮ ಪಾಠದ ಬಗ್ಗೆ. ಟಿಸಿಗೆ ಬಂದಾಗ ಒಂದು ಹಾಳೆ ಕೊಟ್ಟು, ಹೆಸರು ಬರೆಯಬೇಡಿ ಎಂದು ಹೇಳಿ, ಎರಡೇ ಪ್ರಶ್ನೆ ಕೇಳಿ. ಯಾವ ಪಾಠ ಇನ್ನೂ ನೆನಪಿದೆ? ಯಾವ ದಿನ ಶಾಲೆಗೆ ಬರಬಾರದು ಅನಿಸಿತ್ತು, ಯಾಕೆ? ಎರಡನೆಯದಕ್ಕೆ ಬರುವ ಉತ್ತರವನ್ನು ಮನೆಗೆ ಒಯ್ದು ನಿಧಾನವಾಗಿ ಓದಿ. ಕಪ್ಪು ಹಲಗೆಯ ಮುಂದೆ ಕರೆದು ನಿಲ್ಲಿಸಿದ್ದು, ಫೀ ಬಾಕಿಯವರ ಹೆಸರನ್ನು ಪ್ರಾರ್ಥನೆಯಲ್ಲಿ ಓದಿದ್ದು, ಕೂದಲಿಗೆ ಎಣ್ಣೆ ಹಾಕಿಲ್ಲ ಎಂದು ಎಲ್ಲರೆದುರು ಅಂದದ್ದು, ಹೀಗೆ ದೊಡ್ಡವರು ಆ ಸಂಜೆಗೇ ಮರೆತುಬಿಡುವ ಸಂಗತಿಗಳೇ ಅಲ್ಲಿರುತ್ತವೆ. ಇದು ನಿಮ್ಮ ಮೇಲಿನ ದೂರಿನ ಪಟ್ಟಿ ಎಂದುಕೊಳ್ಳಬೇಡಿ. ಜೂನ್‌ನಲ್ಲಿ ಬರುವ ಹೊಸ ಬ್ಯಾಚಿಗಾಗಿ ಹಳೇ ಬ್ಯಾಚಿನ ಮಕ್ಕಳು ನಿಮ್ಮ ಕೈಗೆ ಕೊಟ್ಟುಹೋದದ್ದು ಅದು.

ನನ್ನ ಮಗಳಿಗೆ ಹದಿನಾರು ನಡೀತಿದೆ. ಎಸ್ಸೆಸ್ಸೆಲ್ಸಿ ಬರೆದಿದ್ದಾಳೆ, ಚೆನ್ನಾಗಿ ಬರೆದಿದ್ದೀನಿ ಅಂತಾಳೆ. ನಮ್ಮ ನಾದಿನಿ ಹರಪನಹಳ್ಳಿ ಕಡೆಯ ಒಂದು ಸಂಬಂಧ ತಂದಿದ್ದಾರೆ. ‘ಬರೀ ಒಪ್ಪಿಗೆ ಶಾಸ್ತ್ರ ಮಾಡಿಟ್ಟುಕೊಳ್ಳೋಣ, ಮದುವೆ ನಿಧಾನಕ್ಕೆ’ ಅಂತಾರೆ. ಮನೆಯವರು ಹೂಂ ಅಂತಿದ್ದಾರೆ. ನನಗೆ ಮನಸ್ಸಿಲ್ಲ. ನಾನು ಏನು ಹೇಳಲಿ ಟೀಚರ್?
(ತಾಯಿ, ಮಂಡಕ್ಕಿ ಭಟ್ಟಿ ಲೇಔಟ್, ದಾವಣಗೆರೆ)

ಮನಸ್ಸಿಲ್ಲ ಎಂದು ಬರೆದಿದ್ದೀಯಲ್ಲ ತಾಯಿ, ಅದನ್ನೇ ಗಟ್ಟಿಯಾಗಿ ಹೇಳು. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ವಿಷಯಕ್ಕೆ ನೀನು ಬೇಡ ಅನ್ನುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

‘ಬರೀ ಶಾಸ್ತ್ರ’ ಎನ್ನುವ ಮಾತು ನನಗೆ ಚೆನ್ನಾಗಿ ಗೊತ್ತು. ಏಪ್ರಿಲ್‌ನಲ್ಲಿ ಒಪ್ಪಿಗೆ ಶಾಸ್ತ್ರ ಆಗುತ್ತದೆ. ಮೇ ತಿಂಗಳಲ್ಲಿ ಗಂಡಿನ ಕಡೆಯ ಅಜ್ಜಿಗೆ ಹುಷಾರಿಲ್ಲದಂತಾಗುತ್ತದೆ, ಕಣ್ಣು ಮುಚ್ಚುವುದರೊಳಗೆ ಮದುವೆ ನೋಡಬೇಕು ಎನ್ನುತ್ತಾರೆ. ಇಲ್ಲವೇ ಅವರ ಮನೆಯಲ್ಲಿ ಇನ್ನೊಂದು ಮದುವೆ ಇರುತ್ತದೆ, ಒಂದೇ ಚಪ್ಪರದಲ್ಲಿ ಮುಗಿಸೋಣ, ಖರ್ಚು ಉಳಿಯುತ್ತದೆ ಎನ್ನುತ್ತಾರೆ. ಶಾಲೆ ತೆರೆಯುವ ಹೊತ್ತಿಗೆ ಹುಡುಗಿ ಕತ್ತಿನಲ್ಲಿ ತಾಳಿ. ನನ್ನ ಕೈಯಲ್ಲಿ ಓದಿದ ಮಕ್ಕಳ ಮನೆಗಳಲ್ಲೇ ಹೀಗಾಗಿದೆ. ಬೇಸಿಗೆಯಲ್ಲಿ ಶಾಲೆಗೆ ಬೀಗ, ಟೀಚರ್ ಕಣ್ಣಿಗೆ ಹುಡುಗಿ ಬೀಳುವುದಿಲ್ಲ, ಕೇಳುವವರಿಲ್ಲ. ಅದಕ್ಕೇ ಈ ತಿಂಗಳೇ ಸಂಬಂಧಗಳು ಬರುವುದು.

ನಾದಿನಿಗೆ ಜಗಳವಾಡದೆ ಹೇಳಬಹುದಾದ ಮಾತು ಇವು. ಹೆಣ್ಣಿಗೆ 18, ಗಂಡಿಗೆ 21 ತುಂಬದೆ ಮಾಡಿದ ಮದುವೆ ಅಪರಾಧ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಮಾಡಿಸಿದವರಿಗೂ ನಡೆಸಿಕೊಟ್ಟವರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಕರ್ನಾಟಕ 2016ರಲ್ಲಿ ತಂದ ತಿದ್ದುಪಡಿಯಿಂದ ಅಂಥ ಮದುವೆ ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ಅಂದರೆ ಸಾಲ ಮಾಡಿ, ಊಟ ಹಾಕಿ, ನೆಂಟರನ್ನೆಲ್ಲ ಕರೆದು ಮಾಡಿದ್ದು ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ. ‘ನಿಮ್ಮ ತಮ್ಮ ಜೈಲು ನೋಡಬೇಕಾ ಅಕ್ಕಾ?’ ಎಂದು ಮೆತ್ತಗೆ ಕೇಳು. ನಿಮ್ಮ ಮಗಳ ಹೆಸರಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ಇದೆಯೇ ನೋಡು. ಇದ್ದರೆ, ಹದಿನೆಂಟು ತುಂಬುವ ಮೊದಲು ಮದುವೆಯಾದರೆ ಆ ದುಡ್ಡು ಬರುವುದಿಲ್ಲ. ಅದನ್ನು ನಿಮ್ಮ ಮನೆಯವರ ಮುಂದಿಟ್ಟು ಓದಿಸು.

ಹಾಗೆ ಹೇಳಿದ ಮೇಲೂ ದಿನ ಗೊತ್ತುಮಾಡಲು ಹೊರಟರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಅದಕ್ಕೆ ದುಡ್ಡು ಬೀಳುವುದಿಲ್ಲ, ಹೆಸರು ಹೇಳದೆಯೂ ತಿಳಿಸಬಹುದು. ಮಗಳಿಗೂ ಆ ನಂಬರು ಬಾಯಿಪಾಠ ಮಾಡಿಸು. ಮನೆ ಮಾನ ಬೀದಿಗೆ ಬರುತ್ತದೆ ಎಂದು ಹೆದರಬೇಡ. ಬಂದ ಅಧಿಕಾರಿಗಳು ಮೊದಲು ಕೂರಿಸಿಕೊಂಡು ಮಾತಾಡುತ್ತಾರೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಆ ಒಂದು ದಿನದ ಮುಜುಗರಕ್ಕಿಂತ ಮಗಳ ಬದುಕು ದೊಡ್ಡದು.

ನೀನು ಕಾಗದದಲ್ಲಿ ಇನ್ನೊಂದು ಮಾತು ಬರೆದಿದ್ದೀಯ, ಭಟ್ಟಿ ಕೆಲಸದ ಬಗ್ಗೆ. ಕಾದ ಮರಳಲ್ಲಿ ಅಕ್ಕಿ ಹುರಿಯುವ ಆ ಬಿಸಿ, ಆ ಹೊಗೆ ಎಂಥದೆಂದು ನಿಮ್ಮ ಬೀದಿಯಲ್ಲಿ ಮಕ್ಕಳನ್ನು ಶಾಲೆಗೆ ಕರೆಯಲು ಓಡಾಡಿದವಳಾಗಿ ನನಗೆ ಗೊತ್ತು. ಊರೆಲ್ಲ ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವುದು ನಿಮ್ಮ ಬೆವರಿನಿಂದ. ‘ನನ್ನ ಹಾಗೆ ಅವಳಾಗಬಾರದು’ ಎಂದು ಬರೆದಿದ್ದೀಯಲ್ಲ, ಈ ಮಾತನ್ನು ನಿನ್ನ ಗಂಡನಿಗೆ ಎಂದಾದರೂ ಹೇಳಿದ್ದೀಯಾ? ಹೇಳಿರಲಿಕ್ಕಿಲ್ಲ. ಕಾನೂನಿಗಿಂತ ಮೊದಲು ಅದನ್ನು ಹೇಳು. ಸರ್ಕಾರಿ ಪಿಯು ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. ಫಲಿತಾಂಶ ಬಂದ ಮರುದಿನ ಮಗಳನ್ನು ಕರೆದುಕೊಂಡು ನೀನೇ ಹೋಗಿ ಅರ್ಜಿ ತಾ. ಒಂದು ಸಲ ಕಾಲೇಜಿನ ಹಾಜರಿಯಲ್ಲಿ ಅವಳ ಹೆಸರು ಸೇರಿತೆಂದರೆ ಮನೆಯವರ ಮನಸ್ಸೂ ಅರ್ಧ ಆ ಕಡೆ ವಾಲುತ್ತದೆ.

ನನಗೆ ಗಣಿತ ಖಂಡಿತ ಹೋಗುತ್ತದೆ. ಮನೆಯಲ್ಲಿ ಹೇಳಿಲ್ಲ.
(ವಿದ್ಯಾರ್ಥಿನಿ, ಮೊಳಕಾಲ್ಮೂರು)

ಇವತ್ತೇ ಅಮ್ಮನಿಗೆ ಹೇಳಮ್ಮ. ಫಲಿತಾಂಶದ ದಿನಕ್ಕೆ ಕಾಯಬೇಡ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, 2023-24ರಿಂದ ಹಾಗೆ. ಮೊದಲನೆಯದರಲ್ಲಿ ಹೋದರೆ ಎರಡನೆಯದಕ್ಕೆ ಕಟ್ಟು. ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕ ಉಳಿಯುತ್ತದೆ. ಗಣಿತಕ್ಕೆ ಬರೆಯುವ ಪೇಪರ್ 80 ಅಂಕದ್ದು, ಇನ್ನು 20 ಶಾಲೆಯಿಂದಲೇ ಬರುವ ಆಂತರಿಕ ಅಂಕ. ಇಡೀ ಪುಸ್ತಕ ಹಿಡಿದು ಹೆದರಬೇಡ. ಸಮಾಂತರ ಶ್ರೇಢಿ, ರೇಖಾತ್ಮಕ ಸಮೀಕರಣಗಳ ನಕ್ಷೆ, ಸಂಖ್ಯಾಶಾಸ್ತ್ರ, ಥೇಲ್ಸ್ ಪ್ರಮೇಯ, ಇಷ್ಟನ್ನು ದಿನಾ ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು ಗಂಟೆ ಮಾಡು, ಕೈಯಲ್ಲಿ ಬರೆದು ಮಾಡು. ನಿನ್ನ ಗಣಿತದ ಟೀಚರ್‌ಗೆ ಫೋನ್ ಮಾಡಿ ಕೇಳು, ರಜೆಯಲ್ಲಿ ಕೇಳಿದರೆ ಅವರಿಗೆ ಸಿಟ್ಟು ಬರುವುದಿಲ್ಲ, ಖುಷಿಯಾಗುತ್ತದೆ. ಒಂದು ಪೇಪರ್ ಹೋಯಿತೆಂದು ಮಗ್ಗದ ಮುಂದೆ ಖಾಯಂ ಕೂರಿಸಲು ಯಾರಾದರೂ ಹೊರಟರೆ ಈ ಉತ್ತರವನ್ನೇ ಕತ್ತರಿಸಿ ತೋರಿಸು.

ಮಗಳು ಮೂರು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲೇ ಓದಿದಳು. ಈಗ ಪಿಯುಗೆ ಗಂಡುಮಕ್ಕಳೂ ಇರುವ ಕಾಲೇಜಿಗೆ ಹಾಕಿದರೆ ಹೊಂದಿಕೊಳ್ಳುತ್ತಾಳಾ? ಅಥವಾ ಮೊದಲೇ ಎಲ್ಲರೂ ಇರುವ ಶಾಲೆಗೆ ಹಾಕಬೇಕಿತ್ತಾ? ಈ ಕಾಲದಲ್ಲಿ ಹೆಣ್ಣುಮಕ್ಕಳಿಗೇ ಅಂತ ಬೇರೆ ಶಾಲೆ ಯಾಕೆ ಬೇಕು ಎಂದು ನಮ್ಮ ಅಣ್ಣ ಕೇಳುತ್ತಾರೆ.
(ತಂದೆ, ಚನ್ನಗಿರಿ)

ಹೊಂದಿಕೊಳ್ಳುತ್ತಾಳೆ ಸರ್. ಮೊದಲ ಒಂದು ತಿಂಗಳು ಬೆಂಚಿನ ತುದಿಯಲ್ಲಿ ಕೂರಬಹುದು, ಆಮೇಲೆ ಸರಿಹೋಗುತ್ತದೆ.

ನಿಮ್ಮ ಅಣ್ಣನವರ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ನನ್ನ ಬದುಕೆಲ್ಲ ಕಳೆದದ್ದು ಅಲ್ಲಿ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠಕ್ಕೆ ನಿಂತಾಗಲೂ, 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗಲೂ, ಬೇರೆ ಶಾಲೆ ಇಲ್ಲದಿದ್ದರೆ ಮನೆಯವರು ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಆ ಕಾರಣ ನಮ್ಮ ಕೆಲವು ಊರುಗಳಲ್ಲಿ ಇವತ್ತಿಗೂ ಹೋಗಿಲ್ಲ. ಬಾಲಿಕಾ ಪ್ರೌಢಶಾಲೆ ಎಂಬ ಬೋರ್ಡು ಇದೆ ಎನ್ನುವ ಒಂದೇ ಕಾರಣಕ್ಕೆ ಏಳನೇ ತರಗತಿ ಮುಗಿದ ಮೇಲೆ ಎಂಟಕ್ಕೆ ಬಂದ ಮಕ್ಕಳು ನಮ್ಮಲ್ಲಿ ಪ್ರತಿ ವರ್ಷವೂ ಇದ್ದರು.

ಆದರೆ ನಾನು ಆ ಶಾಲೆಯನ್ನು ಪ್ರೀತಿಸುವುದು ಬೇರೆ ಕಾರಣಕ್ಕೆ. ಅಲ್ಲಿ ಎಲ್ಲ ಕೆಲಸವೂ ಹುಡುಗಿಯರದೇ. ಗಣರಾಜ್ಯೋತ್ಸವಕ್ಕೆ ಹಗ್ಗ ಕಟ್ಟಲು ಏಣಿ ಹತ್ತುವವಳು ಹುಡುಗಿ. ಡ್ರಮ್ ಕೊರಳಿಗೆ ಹಾಕಿಕೊಂಡು ಬ್ಯಾಂಡಿನ ಮುಂದೆ ನಡೆಯುವವಳು ಹುಡುಗಿ. ಪ್ರಯೋಗಶಾಲೆಯಲ್ಲಿ ಸ್ಪಿರಿಟ್ ದೀಪ ಹಚ್ಚಿ, ಮೆಗ್ನೀಷಿಯಂ ಪಟ್ಟಿ ಉರಿಸುವವಳು ಹುಡುಗಿ. ಬೇರೆ ಶಾಲೆಗಳಿಗೆ ಪರೀಕ್ಷಾ ಕೆಲಸಕ್ಕೆ ಹೋದಾಗ ನೋಡಿದ್ದೇನೆ, ಅಲ್ಲಿ ದೀಪ ಹಚ್ಚುವವನು ಹುಡುಗ, ಹುಡುಗಿ ನೋಡಿದ್ದನ್ನು ನೀಟಾಗಿ ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾಳೆ, ಅತಿಥಿಗಳು ಬಂದರೆ ತಟ್ಟೆಯಲ್ಲಿ ಹೂವು ಹಿಡಿದು ನಿಲ್ಲುತ್ತಾಳೆ. ನವೆಂಬರ್ 11ರ ಒನಕೆ ಓಬವ್ವ ಜಯಂತಿಗೆ ನಮ್ಮಲ್ಲಿ ನಾಟಕ ಆಗುತ್ತಿತ್ತು. ಓಬವ್ವ ಹುಡುಗಿ, ಸರಿ. ಕಿಂಡಿಯಿಂದ ತೂರಿ ಬರುವ ಹೈದರಾಲಿಯ ಸೈನಿಕರೂ ಹುಡುಗಿಯರೇ, ಕಹಳೆ ಊದುವ ಮುದ್ದಹನುಮನೂ ಹುಡುಗಿಯೇ, ಗದ್ದುಗೆ ಮೇಲೆ ಕೂತ ಮದಕರಿನಾಯಕನೂ ಹುಡುಗಿಯೇ. ಹೀಗೆ ಮೂರು ವರ್ಷ ಎಲ್ಲ ಪಾತ್ರವನ್ನೂ ತಾವೇ ಮಾಡಿದ ಮಕ್ಕಳಿಗೆ ಇದು ನನ್ನ ಕೆಲಸ, ಅದು ಅವನ ಕೆಲಸ ಎನ್ನುವ ಗೆರೆ ಮನಸ್ಸಿನಲ್ಲಿ ಅಷ್ಟು ಬೇಗ ಮೂಡುವುದಿಲ್ಲ.

ಇಂಥ ಹುಡುಗಿ ಎಲ್ಲರೂ ಇರುವ ಕಾಲೇಜಿಗೆ ಹೋದರೆ ಅವಳಿಗಿಂತ ಹೆಚ್ಚು ಆ ಕಾಲೇಜಿಗೇ ಒಳ್ಳೆಯದು. ನಿಮ್ಮ ಮಗಳನ್ನು ಕೇಳಿ. ಸೈನ್ಸ್ ತಗೊಳ್ಳುವ ಆಸೆ ಇದೆಯೇ, ಕಾಮರ್ಸ್ ಇಷ್ಟವೇ, ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮಾಡುತ್ತಾಳೆಯೇ (ಮೂರು ವರ್ಷ ಮುಗಿಸಿದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರುವ ದಾರಿ ಇದೆ). ಅವಳಿಗೆ ಬೇಕಾದ ವಿಷಯ ಎಲ್ಲಿ ಚೆನ್ನಾಗಿ ಹೇಳಿಕೊಡುತ್ತಾರೋ, ಬಸ್ಸು ಎಲ್ಲಿಗೆ ಸಮಯಕ್ಕೆ ಸರಿಯಾಗಿ ಇದೆಯೋ ಅಲ್ಲಿಗೆ ಹಾಕಿ. ದಾವಣಗೆರೆಯ ಹೆಸರುವಾಸಿ ಕಾಲೇಜೇ ಬೇಕೆಂದು, ತೋಟದ ಅಡಿಕೆಯ ಮೇಲೆ ಸಾಲ ತೆಗೆದು ಲಕ್ಷಗಟ್ಟಲೆ ಕಟ್ಟುವ ಮೊದಲು, ಅಲ್ಲಿ ಈಗ ಓದುತ್ತಿರುವ ನಿಮ್ಮೂರಿನ ಒಬ್ಬ ಹುಡುಗಿಯನ್ನು ಕರೆದು ಕೂರಿಸಿ ಮಾತಾಡಿಸಿ. ಬ್ರೋಷರ್ ಹೇಳದ್ದನ್ನು ಅವಳು ಹೇಳುತ್ತಾಳೆ.

ಬೀಳ್ಕೊಡುಗೆಗೆ ಎಲ್ಲರೂ ರೇಷ್ಮೆ ಸೀರೆ, ಟೀಚರ್‌ಗಳಿಗೆ ಗಿಫ್ಟ್ ಎಂದು ಮಕ್ಕಳೇ ದುಡ್ಡು ಎತ್ತಿದರು. ಮೊಮ್ಮಗಳು ದುಡ್ಡಿಲ್ಲದೆ ಆ ದಿನ ಹೋಗಲೇ ಇಲ್ಲ. ಇದು ಸರಿಯಾ?
(ಅಜ್ಜಿ, ಹೊಳಲ್ಕೆರೆ)

ಸರಿಯಲ್ಲ ಅಜ್ಜಿ. ಒಬ್ಬಳೇ ಒಬ್ಬಳು ಬಾರದೆ ಉಳಿದರೂ ಆ ಸಮಾರಂಭ ಕೆಟ್ಟಿತು ಎಂದೇ ಲೆಕ್ಕ. ಅಮ್ಮನ ಹಳೇ ಸೀರೆಯನ್ನು ಅವಳೇ ಪಿನ್ ಚುಚ್ಚಿಕೊಂಡು ಉಟ್ಟು ಬರಲಿ, ಅಂದ ಅದರಲ್ಲೇ ಇದೆ. ಇದನ್ನು ಓದುವ ಟೀಚರ್‌ಗಳಿಗೆ ಕೈಮುಗಿದು ಕೇಳುತ್ತೇನೆ: ಮಕ್ಕಳಿಂದ ಗಿಫ್ಟ್ ತಗೊಳ್ಳಬೇಡಿ, ತರುವುದಿಲ್ಲ ಎಂದು ಜನವರಿಯಲ್ಲೇ ಮಾತು ತಗೊಳ್ಳಿ. ಸರಸ್ವತಿ ಪೂಜೆಗೆ ಮಂಡಕ್ಕಿ, ಬಾಳೆಹಣ್ಣು, ಒಂದು ಸಿಹಿ ಸಾಕು. ಗ್ರೂಪ್ ಫೋಟೋವನ್ನು ಸಮವಸ್ತ್ರದಲ್ಲೇ ತೆಗೆಸಿ, ಎಲ್ಲರೂ ಒಂದೇ ಥರ ಕಾಣುವ ದಿನ ಅವರ ಬದುಕಿನಲ್ಲಿ ಮತ್ತೆ ಬರುವುದು ಕಷ್ಟ. ಮೊಮ್ಮಗಳಿಗೆ ಹೇಳಿ, ಟಿಸಿ ತರಲು ಹೋದ ದಿನ ಟೀಚರ್ ಜೊತೆ ಒಂದು ಫೋಟೋ ತೆಗೆಸಿಕೊಳ್ಳಲಿ.

ನಾವು ಮೂವರು ಎಂಟನೇ ಕ್ಲಾಸಿಂದ ಒಂದೇ ಬೆಂಚು. ಈಗ ಒಬ್ಬಳು ರಾಣೆಬೆನ್ನೂರು, ನಾನು ಇಲ್ಲೇ. ಇನ್ನೊಬ್ಬಳು ಪರೀಕ್ಷೆ ಮುಗಿದ ಮೇಲೆ ಮೆಸೇಜಿಗೆ ಉತ್ತರವೇ ಕೊಡುತ್ತಿಲ್ಲ. ನಮ್ಮನ್ನು ಮರೆತಳು ಅನಿಸುತ್ತದೆ. ತುಂಬ ಬೇಜಾರು ಮಿಸ್.
(ವಿದ್ಯಾರ್ಥಿನಿ, ಹರಿಹರ)

ಮರೆತಳು ಎಂದು ಈಗಲೇ ತೀರ್ಮಾನ ಮಾಡಬೇಡ ಪುಟ್ಟಿ. ಅವಳ ಹತ್ತಿರ ಫೋನು ಇದೆಯೋ ಇಲ್ಲವೋ? ಪರೀಕ್ಷೆ ಇರುವವರೆಗೆ ಅಣ್ಣನ ಫೋನು ಕೈಗೆ ಸಿಗುತ್ತಿತ್ತು, ಈಗ ಅವನು ಕೆಲಸಕ್ಕೆ ಒಯ್ಯುತ್ತಿರಬಹುದು. ಅಥವಾ ಅಜ್ಜಿ ಊರಿಗೆ ಹೋಗಿರಬಹುದು. ಅಥವಾ ನಿನ್ನ ಸಹಾಯ ಬೇಕಾಗಿರಬಹುದು. ಬೆಳಗಿನ ಹೊತ್ತು ಅಮ್ಮನನ್ನು ಕರೆದುಕೊಂಡು ಅವಳ ಮನೆಗೆ ಹೋಗು. ಸುಮ್ಮನೆ, ಮಾವಿನಕಾಯಿ ಉಪ್ಪಿನಕಾಯಿ ಕೊಡಲು ಬಂದೆವು ಎನ್ನಿ. ಅವಳ ಮುಖ ನೋಡಿದರೆ ನಿನಗೆ ತಿಳಿಯುತ್ತದೆ, ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳು ನೀನು. ಕಾಲೇಜಿಗೆ ಕಳಿಸುವುದಿಲ್ಲ ಎಂದೋ, ಮದುವೆ ಮಾತು ಎಂದೋ ಕಿವಿಗೆ ಬಿದ್ದರೆ ಅದನ್ನು ಗುಟ್ಟಾಗಿಡಬೇಡ. ನಿಮ್ಮ ಕ್ಲಾಸ್ ಟೀಚರ್‌ಗೆ ಅವತ್ತೇ ಹೇಳು. ಗೆಳತಿಯ ಗುಟ್ಟು ಕಾಪಾಡಬೇಕು ನಿಜ, ಇಂಥದ್ದನ್ನಲ್ಲ.

ರಾಣೆಬೆನ್ನೂರಿನವಳ ಚಿಂತೆ ಬಿಡು, ಅದು ನದಿ ದಾಟಿದರೆ ಸಿಗುವ ಊರು. ಮೂವರೂ ವಿಳಾಸ ಬರೆದುಕೊಳ್ಳಿ, ಪಿನ್‌ಕೋಡ್ ಸಮೇತ. ಫೋನ್ ನಂಬರು ಆರು ತಿಂಗಳಿಗೊಮ್ಮೆ ಬದಲಾಗುತ್ತದೆ, ಮನೆ ಬಾಗಿಲು ಅಷ್ಟು ಬೇಗ ಬದಲಾಗುವುದಿಲ್ಲ.

ನಾನು ಬಾಲಿಕಾ ಪ್ರೌಢಶಾಲೆಯ ಕಚೇರಿಯಲ್ಲಿ ಗುಮಾಸ್ತ. ಬೀರುವಿನಲ್ಲಿ ಕಳೆದ ವರ್ಷದ ಹನ್ನೊಂದು ಟಿಸಿ, ಮಾರ್ಕ್ಸ್ ಕಾರ್ಡ್ ಹಾಗೇ ಇವೆ. ಪಾಸಾದವರೇ, ಯಾರೂ ಬಂದು ತಗೊಂಡಿಲ್ಲ. ಈ ವರ್ಷದವು ಬಂದರೆ ಇಡಲು ಜಾಗ ಬೇಕು. ಏನು ಮಾಡಲಿ?
(ಚಿತ್ರದುರ್ಗ)

ನೀವು ಜಾಗದ ಪ್ರಶ್ನೆ ಕೇಳಿದ್ದೀರಿ, ಆದರೆ ಪಾಸಾದವರೇ ಎಂದು ಸೇರಿಸಿದ್ದೀರಲ್ಲ, ಅದರಿಂದಲೇ ನಿಮ್ಮ ಮನಸ್ಸು ನನಗೆ ಗೊತ್ತಾಯಿತು. ಟಿಸಿ ಇಲ್ಲದೆ ಯಾವ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ. ಅಂದರೆ ಆ ಹನ್ನೊಂದು ಜನ ಒಂದು ವರ್ಷದಿಂದ ಎಲ್ಲೂ ಓದುತ್ತಿಲ್ಲ. ಆ ಕಾಗದಗಳನ್ನು ಕಟ್ಟಿ ಅಟ್ಟಕ್ಕೆ ಹಾಕಬೇಡಿ.

ಪ್ರವೇಶ ರಿಜಿಸ್ಟರ್ ತೆಗೆದು ಹನ್ನೊಂದು ಹೆಸರು, ಊರು, ಹುಟ್ಟಿದ ದಿನಾಂಕ ಒಂದು ಹಾಳೆಯಲ್ಲಿ ಬರೆಯಿರಿ. ಊರಿನ ಪ್ರಕಾರ ವಿಂಗಡಿಸಿ. ಫೋನ್ ಹತ್ತಿದರೆ ಹತ್ತಿತು, ಹತ್ತದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೋ ಅಂಗನವಾಡಿ ಕಾರ್ಯಕರ್ತೆಗೋ ಕೇಳಿ, ಯಾವ ಮನೆಯ ಹುಡುಗಿ ಎಲ್ಲಿದ್ದಾಳೆ ಎಂದು ಅವರಿಗೆ ಗೊತ್ತಿರುತ್ತದೆ. ಇನ್ನೂ ಹದಿನೆಂಟು ತುಂಬದ ಯಾರದಾದರೂ ಮದುವೆಯಾಗಿದೆ ಎಂದು ತಿಳಿದರೆ ಮುಖ್ಯ ಶಿಕ್ಷಕರಿಂದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ (ಸಿಡಿಪಿಒ) ಕಚೇರಿಗೆ ಬರಹದಲ್ಲಿ ತಿಳಿಸಿ. ಮನೆಗೆಲಸಕ್ಕೋ ಕೂಲಿಗೋ ನಿಂತವರಿದ್ದರೆ ತಾಯಿಯನ್ನು ಶಾಲೆಗೆ ಕರೆಸಿ, ಕೂರಿಸಿ, ಟಿಸಿಯನ್ನು ಅವರ ಕೈಗೇ ಕೊಡಿ. ಒಂದು ವರ್ಷ ಬಿಟ್ಟವಳೂ ಪಿಯುಗೆ ಸೇರಬಹುದು, ಅದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಅರ್ಜಿ ತುಂಬಲು ಬರುವುದಿಲ್ಲ ಎಂದರೆ ಕಚೇರಿಯಲ್ಲೇ ತುಂಬಿಕೊಡಿ.

ಈ ವರ್ಷದ ಮಕ್ಕಳಿಗೆ ಟಿಸಿ ಕೊಡುವಾಗ ಸಹಿ ಹಾಕಿಸಿಕೊಳ್ಳುವ ರಿಜಿಸ್ಟರಿನಲ್ಲಿ ಇನ್ನೊಂದು ಗೆರೆ ಎಳೆದು, ಎಲ್ಲಿಗೆ ಸೇರುತ್ತಿದ್ದೀ ಎಂದು ಬರೆಸಿಕೊಳ್ಳಿ. ಜುಲೈ ಮೊದಲ ವಾರ ಆ ಪುಟವನ್ನು ಮುಖ್ಯ ಶಿಕ್ಷಕರ ಮೇಜಿನ ಮೇಲಿಡಿ. ಹನ್ನೊಂದರಲ್ಲಿ ಯಾರು ಸಿಕ್ಕರು ಎಂದು ನನಗೂ ಒಂದು ಕಾಗದ ಹಾಕಿ, ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ.